ಬಲವಂತವಾಗಿ ಆಸ್ಪತ್ರೆಗೆ ಸೇರಿಸಿದರೆ ಗುಣವಾಗುತ್ತಾರಾ? ಕಾನೂನು ಏನನ್ನುತ್ತೆ, ಅಧ್ಯಯನಗಳು ಏನನ್ನುತ್ತವೆ

ಮನೆಯಲ್ಲಿ ಒಬ್ಬರಿಗೆ ತೀವ್ರ ಮಾನಸಿಕ ಕಾಯಿಲೆ ಇದೆ ಅಂದುಕೊಳ್ಳಿ. ಮೂರು ದಿನದಿಂದ ನಿದ್ದೆ ಇಲ್ಲ, ಊಟ ಇಲ್ಲ. ಅನ್ನದಲ್ಲಿ ಯಾರೋ ವಿಷ ಹಾಕುತ್ತಿದ್ದಾರೆ ಅನ್ನೋ ಗಟ್ಟಿ ನಂಬಿಕೆ. ಆಸ್ಪತ್ರೆಗೆ ಬನ್ನಿ ಅಂದರೆ ಬರಲ್ಲ. ಕೈಕಾಲು ಹಿಡಿದು ಗಾಡಿಯಲ್ಲಿ ಕೂರಿಸಿಕೊಂಡು ಹೋಗಬಹುದಾ? ಹೋದರೆ ಆಸ್ಪತ್ರೆಯವರು ಸೇರಿಸಿಕೊಳ್ಳುತ್ತಾರಾ? ಎಷ್ಟು ದಿನ ಇಟ್ಟುಕೊಳ್ಳಬಹುದು? ಹಾಗೆ ಇಟ್ಟುಕೊಂಡರೆ ಅವರು ಗುಣವಾಗುತ್ತಾರಾ?

ಮೊದಲ ಮೂರು ಪ್ರಶ್ನೆಗಳಿಗೆ ಕಾನೂನಿನಲ್ಲಿ ಉತ್ತರವಿದೆ. ಕೊನೆಯದಕ್ಕೆ ಇಲ್ಲ. ಅದಕ್ಕೆ ಬೇರೆ ಬೇರೆ ದೇಶಗಳಲ್ಲಿ ರೋಗಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ ಮಾಡಿದ ಅಧ್ಯಯನಗಳನ್ನು ನೋಡಬೇಕು. ನಮ್ಮಲ್ಲಿ ಈ ವಿಷಯದ ಚರ್ಚೆ ಸಾಮಾನ್ಯವಾಗಿ ಎರಡು ಬಣವಾಗಿ ಒಡೆಯುತ್ತೆ. ಒಂದು ಕಡೆ 'ರೋಗಿಯ ಹಕ್ಕು', ಇನ್ನೊಂದು ಕಡೆ 'ಕುಟುಂಬದ ಕಷ್ಟ'. ಎರಡೂ ನಿಜ. ಆದರೆ ಎರಡೂ ಬಣದವರು ಆಸ್ಪತ್ರೆಯ ಒಳಬಾಗಿಲ ಬಗ್ಗೆ ಮಾತ್ರ ಜಗಳ ಆಡುತ್ತಿದ್ದಾರೆ. ರೋಗಿಯ ಬದುಕು ಏನಾಗುತ್ತೆ ಅನ್ನೋದು ಹೆಚ್ಚಾಗಿ ತೀರ್ಮಾನವಾಗೋದು ಬೇರೆ ಕಡೆ: ಒಳಗೆ ಅವರ ಮಾತನ್ನು ಯಾರಾದರೂ ಕೇಳಿಸಿಕೊಂಡರಾ, ಹೊರಗೆ ಬಂದಾಗ ಹೋಗೋಕೆ ಒಂದು ಜಾಗ ಇತ್ತಾ ಅನ್ನೋದರಲ್ಲಿ. ನನ್ನ ವಾದ ಇಷ್ಟೇ. ಪುರಾವೆ ಮುಂದಿದೆ.

1912, 1987, 2017

ಬ್ರಿಟಿಷರು 1912ರಲ್ಲಿ ತಂದ ಭಾರತೀಯ ಹುಚ್ಚರ ಕಾಯ್ದೆಯ ಹೆಸರೇ ಅದರ ಮನಸ್ಸು ಹೇಳುತ್ತೆ. ಪೊಲೀಸ್, ಮ್ಯಾಜಿಸ್ಟ್ರೇಟ್, ಗೋಡೆ. ಸಮಾಜವನ್ನು ಇವರಿಂದ ಕಾಪಾಡಬೇಕು ಅನ್ನೋದೇ ಅದರ ತರ್ಕ. ಸ್ವಾತಂತ್ರ್ಯ ಬಂದು 40 ವರ್ಷ ಆದಮೇಲೆ 1987ರ ಮಾನಸಿಕ ಆರೋಗ್ಯ ಕಾಯ್ದೆ ಬಂತು, ಜಾರಿಗೆ ಬಂದಿದ್ದು 1993ರಲ್ಲಿ. 'ಹುಚ್ಚರು' ಅನ್ನೋ ಪದ ಹೋಯಿತು. ಆದರೆ ಸಂಬಂಧಿಕರೊಬ್ಬರು ಅರ್ಜಿ ಕೊಟ್ಟು, ಇಬ್ಬರು ವೈದ್ಯರು ಪ್ರಮಾಣಪತ್ರ ಕೊಟ್ಟರೆ ವ್ಯಕ್ತಿಯನ್ನು ಅವರ ಒಪ್ಪಿಗೆ ಇಲ್ಲದೆ 90 ದಿನ ಆಸ್ಪತ್ರೆಯಲ್ಲಿಡುವ ಅವಕಾಶ ಉಳಿಯಿತು. ಅದಕ್ಕಿಂತ ಹೆಚ್ಚು ದಿನ ಬೇಕಾದರೆ ಮ್ಯಾಜಿಸ್ಟ್ರೇಟ್ ಆದೇಶ.

ಅದೇ 1993ರಲ್ಲಿ ಶೀಲಾ ಬರ್ಸೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಯಾವ ಅಪರಾಧವನ್ನೂ ಮಾಡದ ಮಾನಸಿಕ ಅಸ್ವಸ್ಥರನ್ನು ಜೈಲಿನಲ್ಲಿಡುವುದು ಸಂವಿಧಾನಬಾಹಿರ ಅಂತ ಹೇಳಬೇಕಾಯಿತು. ಅಂದರೆ ಅಲ್ಲಿಯವರೆಗೆ ಇಡುತ್ತಿದ್ದರು. 2001ರ ಆಗಸ್ಟ್ 6ರಂದು ತಮಿಳುನಾಡಿನ ರಾಮನಾಥಪುರಂ ಜಿಲ್ಲೆಯ ಏರ್ವಾಡಿಯಲ್ಲಿ, ದರ್ಗಾದ ಸುತ್ತ ನಡೆಯುತ್ತಿದ್ದ ಖಾಸಗಿ 'ಮಾನಸಿಕ ಗೃಹ'ವೊಂದಕ್ಕೆ ಬೆಂಕಿ ಬಿತ್ತು. ಒಳಗಿದ್ದವರನ್ನು ಸರಪಳಿಯಲ್ಲಿ ಕಟ್ಟಿಹಾಕಿದ್ದರು. ಓಡಲಾಗದೆ 25ಕ್ಕೂ ಹೆಚ್ಚು ಜನ ಸುಟ್ಟುಹೋದರು.

2007ರಲ್ಲಿ ಭಾರತ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯನ್ನು ಅಂಗೀಕರಿಸಿತು. ಮಾನಸಿಕ ಕಾಯಿಲೆ ಇರುವವರೂ ಕಾನೂನಿನ ಕಣ್ಣಲ್ಲಿ ತಮ್ಮ ನಿರ್ಧಾರ ತಾವೇ ತೆಗೆದುಕೊಳ್ಳಬಲ್ಲ ವ್ಯಕ್ತಿಗಳು ಅನ್ನೋದು ಅದರ ತಿರುಳು. ಹಳೆಯ ಕಾಯ್ದೆ ಅದಕ್ಕೆ ಹೊಂದುತ್ತಿರಲಿಲ್ಲ. ಹಾಗೆ ಬಂದಿದ್ದು ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017. ಜಾರಿಗೆ ಬಂದಿದ್ದು 2018ರಲ್ಲಿ.

ಈಗಿನ ಕಾನೂನಿನಲ್ಲಿ ಏನಿದೆ?

ಇಂಜಿನಿಯರಿಂಗ್ ಓದಿದ ನನಗೆ ಈ ಕಾಯ್ದೆ ಒಂದು ಫ್ಲೋಚಾರ್ಟ್ ಥರ ಕಂಡಿತು. ಹಾಗೇ ಹೇಳ್ತೀನಿ.

ಮೊದಲ ಪ್ರಶ್ನೆ: ಈ ವ್ಯಕ್ತಿಗೆ ಈಗ ನಿರ್ಧಾರ ತೆಗೆದುಕೊಳ್ಳುವ ಸಾಮರ್ಥ್ಯ ಇದೆಯಾ? ಸೆಕ್ಷನ್ 4ರ ಪ್ರಕಾರ ಇದೆ ಅಂತಲೇ ಶುರು ಮಾಡಬೇಕು. 'ಚಿಕಿತ್ಸೆ ಬೇಡ ಅಂತಾನೆ, ಆದ್ದರಿಂದ ಬುದ್ಧಿ ಸ್ಥಿಮಿತದಲ್ಲಿಲ್ಲ' ಅನ್ನೋ ವಾದ ನಡೆಯಲ್ಲ. ಬೇರೆಯವರಿಗೆ ತಪ್ಪು ಅನ್ನಿಸುವ ನಿರ್ಧಾರ ತೆಗೆದುಕೊಂಡ ಮಾತ್ರಕ್ಕೆ ಸಾಮರ್ಥ್ಯ ಇಲ್ಲ ಅನ್ನುವಂತಿಲ್ಲ ಅಂತ ಕಾಯ್ದೆಯೇ ಹೇಳುತ್ತೆ.

ಸಾಮರ್ಥ್ಯ ಇದ್ದರೆ, ಸೇರಿಕೊಳ್ಳೋದು ಅವರ ಇಷ್ಟ, ಹೊರಡೋದೂ ಅವರ ಇಷ್ಟ. ಇದು ಸ್ವತಂತ್ರ ದಾಖಲಾತಿ. ಹೊರಡುತ್ತೇನೆ ಅಂದಾಗ ಅಪಾಯ ಇದೆ ಅಂತ ವೈದ್ಯರಿಗೆ ಅನ್ನಿಸಿದರೆ, ಪರೀಕ್ಷಿಸಲು ಹೆಚ್ಚೆಂದರೆ 24 ಗಂಟೆ ತಡೆಯಬಹುದು.

ಸಾಮರ್ಥ್ಯ ಇಲ್ಲದಿದ್ದರೆ ಸೆಕ್ಷನ್ 89. ಇದಕ್ಕೆ 'ಬೆಂಬಲಿತ ದಾಖಲಾತಿ' ಅಂತ ಹೆಸರು. ನಾವು ಬಲವಂತದ ದಾಖಲಾತಿ ಅನ್ನೋದು ಇದನ್ನೇ. ಅರ್ಜಿ ಹಾಕಬೇಕಾದವರು ರೋಗಿಯ ನಾಮನಿರ್ದೇಶಿತ ಪ್ರತಿನಿಧಿ. ಒಬ್ಬ ಮನೋವೈದ್ಯರು ಮತ್ತು ಇನ್ನೊಬ್ಬ ಮಾನಸಿಕ ಆರೋಗ್ಯ ತಜ್ಞರು ಅಥವಾ ವೈದ್ಯರು ಬೇರೆ ಬೇರೆಯಾಗಿ ಪರೀಕ್ಷಿಸಬೇಕು. ಮೂರರಲ್ಲಿ ಒಂದಾದರೂ ಇರಬೇಕು: ತನಗೆ ತಾನೇ ಹಾನಿ ಮಾಡಿಕೊಳ್ಳುವ ಬೆದರಿಕೆ ಅಥವಾ ಪ್ರಯತ್ನ, ಬೇರೆಯವರ ಮೇಲೆ ಹಿಂಸೆ ಅಥವಾ ಅದರ ಭಯ, ಅಪಾಯಕ್ಕೆ ಸಿಲುಕುವಷ್ಟು ಮಟ್ಟಿಗೆ ತನ್ನ ಆರೈಕೆ ತಾನು ಮಾಡಿಕೊಳ್ಳಲಾಗದ ಸ್ಥಿತಿ. ಜೊತೆಗೆ, ಇದಕ್ಕಿಂತ ಕಡಿಮೆ ನಿರ್ಬಂಧದ ಬೇರೆ ದಾರಿ ಇಲ್ಲ ಅಂತ ದೃಢಪಡಿಸಬೇಕು.

ಅವಧಿ ಗರಿಷ್ಠ 30 ದಿನ. ಆಸ್ಪತ್ರೆ 7 ದಿನದೊಳಗೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ತಿಳಿಸಬೇಕು. ರೋಗಿ ಮಹಿಳೆ ಅಥವಾ ಅಪ್ರಾಪ್ತರಾಗಿದ್ದರೆ 3 ದಿನದೊಳಗೆ. ರೋಗಿಯ ಪರವಾಗಿ ಪ್ರತಿನಿಧಿ ಒಪ್ಪಿಗೆ ಕೊಡುತ್ತಿದ್ದರೆ, ಸಾಮರ್ಥ್ಯ ಮರಳಿದೆಯಾ ಅಂತ ಪ್ರತಿ 7 ದಿನಕ್ಕೊಮ್ಮೆ ನೋಡಬೇಕು. 30 ದಿನ ಮೀರಿದರೆ ಸೆಕ್ಷನ್ 90: ಇಬ್ಬರು ಮನೋವೈದ್ಯರ ಪರೀಕ್ಷೆ ಮತ್ತು ಮಂಡಳಿಯ ಅನುಮತಿ ಬೇಕು. ಮೊದಲು 90 ದಿನ, ಆಮೇಲೆ 120, ಆಮೇಲೆ 180 ದಿನದವರೆಗೆ.

ಈ ಮಂಡಳಿ ಇಡೀ ಕಾಯ್ದೆಯ ಕೀಲು. ಜಿಲ್ಲಾ ನ್ಯಾಯಾಧೀಶರ ಮಟ್ಟದವರು ಅಧ್ಯಕ್ಷರು, ಜಿಲ್ಲಾಡಳಿತದ ಪ್ರತಿನಿಧಿ, ಒಬ್ಬ ಮನೋವೈದ್ಯರು, ಒಬ್ಬ ವೈದ್ಯರು. ಜೊತೆಗೆ ಇಬ್ಬರು ಸದಸ್ಯರು ಕಾಯಿಲೆ ಅನುಭವಿಸಿದವರು, ಆರೈಕೆ ಮಾಡುವವರು ಅಥವಾ ಈ ಕ್ಷೇತ್ರದ ಸ್ವಯಂಸೇವಾ ಸಂಸ್ಥೆಯವರಾಗಿರಬೇಕು.

ಸರಪಳಿ ಹಾಕುವುದು ಯಾವ ರೂಪದಲ್ಲೂ ನಿಷೇಧ. ಅರಿವಳಿಕೆ ಇಲ್ಲದೆ ಶಾಕ್ ಚಿಕಿತ್ಸೆ ನಿಷೇಧ. ಒಂಟಿ ಕೋಣೆಯಲ್ಲಿ ಕೂಡಿಹಾಕೋದು ನಿಷೇಧ. ಬೀದಿಯಲ್ಲಿ ಅಲೆಯುತ್ತಿರುವವರನ್ನು ಪೊಲೀಸರು 24 ಗಂಟೆಯೊಳಗೆ ಆಸ್ಪತ್ರೆಗೆ ತಲುಪಿಸಬೇಕು, ಲಾಕಪ್‌ಗೆ ಹಾಕುವಂತಿಲ್ಲ.

ಬಲವಂತದಿಂದ ಗುಣವಾಗುತ್ತಾ?

ಇಲ್ಲಿ ಒಂದು ತೊಡಕಿದೆ. ಬಲವಂತವಾಗಿ ದಾಖಲಾದವರನ್ನೂ ಇಷ್ಟಪಟ್ಟು ದಾಖಲಾದವರನ್ನೂ ಸುಮ್ಮನೆ ಹೋಲಿಸಿದರೆ ಉತ್ತರ ಸಿಗಲ್ಲ. ಯಾಕೆಂದರೆ ಬಲವಂತಕ್ಕೆ ಒಳಗಾಗೋರು ಸಾಮಾನ್ಯವಾಗಿ ಹೆಚ್ಚು ತೀವ್ರ ಕಾಯಿಲೆ ಇರೋರು. ಅವರ ಫಲಿತಾಂಶ ಕೆಟ್ಟದಾಗಿದ್ದರೆ ಅದಕ್ಕೆ ಕಾರಣ ಬಲವಂತವೋ ಕಾಯಿಲೆಯ ತೀವ್ರತೆಯೋ ಹೇಳೋಕಾಗಲ್ಲ. ಸರಿಯಾದ ಪರೀಕ್ಷೆ ಅಂದರೆ, ಒಂದೇ ಥರದ ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ ನೋಡೋದು.

ಆಸ್ಪತ್ರೆಯ ಬಾಗಿಲಲ್ಲಿ ಅಂಥ ಚೀಟಿ ಎತ್ತೋಕಾಗಲ್ಲ. ಸಾಯುವ ಅಪಾಯದಲ್ಲಿರೋರನ್ನು ಪ್ರಯೋಗಕ್ಕೋಸ್ಕರ ವಾಪಸ್ ಕಳಿಸೋಕಾಗುತ್ತಾ? ಆದರೆ ಬಿಡುಗಡೆ ಆದ ಮೇಲಿನ ಬಲವಂತದ ಮೇಲೆ ಅಂಥ ಪರೀಕ್ಷೆ ನಡೆದಿದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2008ರಿಂದ ಸಮುದಾಯ ಚಿಕಿತ್ಸಾ ಆದೇಶ ಅನ್ನೋ ವ್ಯವಸ್ಥೆ ಇದೆ. ರೋಗಿ ಮನೆಗೆ ಹೋಗಬಹುದು, ಆದರೆ ಷರತ್ತುಗಳ ಮೇಲೆ. ಮುರಿದರೆ ಆಸ್ಪತ್ರೆಗೆ ವಾಪಸ್ ಕರೆಸಬಹುದು. ಆಕ್ಟೆಟ್ ಅನ್ನೋ ಅಧ್ಯಯನದಲ್ಲಿ 336 ರೋಗಿಗಳನ್ನು ಎರಡು ಗುಂಪು ಮಾಡಿದರು. ಫಲಿತಾಂಶ 2013ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಒಂದು ಗುಂಪು ಕಾನೂನಿನ ನಿಗಾದಲ್ಲಿ ಕಳೆದ ಮಧ್ಯಮ ಅವಧಿ 183 ದಿನ, ಇನ್ನೊಂದು ಗುಂಪಿನದು ಬರೀ 8 ದಿನ. ಒಂದು ವರ್ಷದಲ್ಲಿ ಮತ್ತೆ ಆಸ್ಪತ್ರೆ ಸೇರಿದವರು? ಎರಡೂ ಗುಂಪಿನಲ್ಲಿ ಶೇ 36.

ತಿಂಗಳುಗಟ್ಟಲೆ ಹೆಚ್ಚುವರಿ ನಿರ್ಬಂಧ, ಮರುದಾಖಲಾತಿಯಲ್ಲಿ ಸೊನ್ನೆ ವ್ಯತ್ಯಾಸ. ಅಮೆರಿಕದ ಎರಡು ಪ್ರಯೋಗಗಳನ್ನೂ ಇದನ್ನೂ ಸೇರಿಸಿ ನೋಡಿದ ಕಾಕ್ರೇನ್ ವಿಮರ್ಶೆಯೂ, ಆಸ್ಪತ್ರೆ ಬಳಕೆ, ಸಾಮಾಜಿಕ ಬದುಕು, ಜೀವನದ ಗುಣಮಟ್ಟ ಯಾವುದರಲ್ಲೂ ಇಂಥ ಕಡ್ಡಾಯ ಚಿಕಿತ್ಸೆಯಿಂದ ಸ್ಪಷ್ಟ ಲಾಭ ಕಾಣಲಿಲ್ಲ ಅಂತ ಹೇಳಿತು. ಒಂದು ಲಾಭ ಮಾತ್ರ ಕಂಡಿತ್ತು: ಆದೇಶದಡಿ ಇದ್ದವರು ಅಪರಾಧಗಳಿಗೆ ಬಲಿಯಾಗೋದು ಕಡಿಮೆ. ಅದೂ ಸಣ್ಣ ವಿಷಯವಲ್ಲ.

ಮಾತು ಕೇಳಿಸಿಕೊಂಡರಾ ಅನ್ನೋದು

ಆಸ್ಪತ್ರೆಯೊಳಗಿನ ಬಲವಂತದ ಬಗ್ಗೆ ಇರೋ ಮುಖ್ಯ ಅಧ್ಯಯನಗಳಲ್ಲಿ ಒಂದು 2009ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಸೈಕಿಯಾಟ್ರಿಯಲ್ಲಿ ಪ್ರಕಟವಾಯಿತು. ಇಂಗ್ಲೆಂಡಿನಲ್ಲಿ ಬಲವಂತವಾಗಿ ದಾಖಲಾದ 778 ಜನರನ್ನು ಮೊದಲ ವಾರದಲ್ಲೇ ಮಾತನಾಡಿಸಿ, ಒಂದು ವರ್ಷ ಗಮನಿಸಿದರು. ವರ್ಷದ ನಂತರ 'ಅವತ್ತು ನನ್ನನ್ನು ಸೇರಿಸಿದ್ದು ಸರಿ' ಅಂದವರು ಶೇ 40. 'ಆಮೇಲೆ ಅವರೇ ಥ್ಯಾಂಕ್ಸ್ ಹೇಳ್ತಾರೆ ಬಿಡಿ' ಅನ್ನೋ ನಮ್ಮ ಸಾಮಾನ್ಯ ನಂಬಿಕೆ ಅರ್ಧಕ್ಕೂ ಕಡಿಮೆ ನಿಜ.

ಅದೇ ಅಧ್ಯಯನದ ಇನ್ನೊಂದು ಅಂಶ ನನಗೆ ಹೆಚ್ಚು ಮುಖ್ಯ. ವರ್ಷದೊಳಗೆ ಶೇ 15ರಷ್ಟು ಜನ ಮತ್ತೆ ಬಲವಂತವಾಗಿಯೇ ದಾಖಲಾದರು. ಯಾರು ಹಾಗೆ ವಾಪಸ್ ಬರುವ ಸಾಧ್ಯತೆ ಹೆಚ್ಚು ಅಂತ ನೋಡಿದರೆ, ಮೊದಲ ವಾರದಲ್ಲಿ ಚಿಕಿತ್ಸೆ ಬಗ್ಗೆ ಅತೃಪ್ತಿ ಇದ್ದವರು. ಮೊದಲ ವಾರದಲ್ಲಿ ನಿಮ್ಮನ್ನು ಹೇಗೆ ನಡೆಸಿಕೊಂಡರು ಅನ್ನೋದಕ್ಕೂ ವರ್ಷದೊಳಗೆ ಏನಾಗುತ್ತೆ ಅನ್ನೋದಕ್ಕೂ ನಂಟಿದೆ.

ಅಮೆರಿಕದಲ್ಲಿ ಮ್ಯಾಕ್‌ಆರ್ಥರ್ ಸಂಶೋಧನಾ ತಂಡ 1990ರ ದಶಕದಲ್ಲಿ ಇದನ್ನೇ ಇನ್ನೊಂದು ಕಡೆಯಿಂದ ನೋಡಿತ್ತು. ಕಾಗದದ ಮೇಲೆ 'ಸ್ವಇಚ್ಛೆ' ಅಂತ ಇದ್ದರೂ ಬಲವಂತವಾಯಿತು ಅಂತ ಅನ್ನಿಸಿದವರು ಇದ್ದರು. ಕಾಗದದಲ್ಲಿ 'ಕಡ್ಡಾಯ' ಅಂತ ಇದ್ದರೂ ಹಾಗನ್ನಿಸದವರೂ ಇದ್ದರು. ವ್ಯತ್ಯಾಸ ಇದ್ದಿದ್ದು ಇಲ್ಲಿ: ನನ್ನ ಮಾತನ್ನು ಕೇಳಿದರಾ, ಗೌರವದಿಂದ ನಡೆಸಿಕೊಂಡರಾ, ಸುಳ್ಳು ಹೇಳದೆ ಕರೆತಂದರಾ.

ಈಗ ನಮ್ಮ ಕಡೆ ನೋಡಿ. 'ಮದುವೆಗೆ ಹೋಗೋಣ ಬಾ' ಅಂತ ಹೇಳಿ ಆಸ್ಪತ್ರೆಗೆ ಕರೆದುಕೊಂಡು ಬರೋದು, ಊಟದಲ್ಲಿ ಗೊತ್ತಾಗದ ಹಾಗೆ ಮಾತ್ರೆ ಬೆರೆಸೋದು ನಮ್ಮಲ್ಲಿ ಹೊಸದೇನಲ್ಲ. ಮನೆಯವರು ಕೆಟ್ಟವರು ಅಂತಲ್ಲ. ಬೇರೆ ದಾರಿ ಯಾರೂ ತೋರಿಸಿಲ್ಲ. ಇಂಥ ದಾಖಲಾತಿಗೆ ರೋಗಿಯ ಸಹಿ ಹಾಕಿಸಿದರೆ ಅದು ಕಾನೂನಿನ ಲೆಕ್ಕದಲ್ಲಿ ಸ್ವತಂತ್ರ ದಾಖಲಾತಿ ಆಗುತ್ತೆ, ಮಂಡಳಿಯ ಕಣ್ಣಿಗೇ ಬೀಳಲ್ಲ. ಮುಂದೆ ಮಾತ್ರೆ ನಿಲ್ಲಿಸೋಕೆ, ಮನೆಯವರನ್ನೂ ವೈದ್ಯರನ್ನೂ ನಂಬದೇ ಇರೋಕೆ ಅಲ್ಲೇ ಬೀಜ ಬೀಳುತ್ತೆ.

ಕುಟುಂಬಗಳ ವಾದದಲ್ಲೂ ಸತ್ಯ ಇದೆ

ಹಾಗಾದರೆ ಬಲವಂತ ಪೂರ್ತಿ ನಿಲ್ಲಿಸಿಬಿಡೋಣ ಅನ್ನೋದು ಸುಲಭದ ತೀರ್ಮಾನ. ಅದನ್ನು ಒಪ್ಪೋಕಾಗಲ್ಲ.

2008ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಬೇರೆ ಬೇರೆ ದೇಶಗಳ ಕಾನೂನುಗಳನ್ನು ಹೋಲಿಸಿದರು. ಅಪಾಯ ಇದ್ದರೆ ಮಾತ್ರ ದಾಖಲಿಸಬಹುದು ಅನ್ನೋ ಕಾನೂನು ಇರುವಲ್ಲಿ, ಸೈಕೋಸಿಸ್ ಶುರುವಾಗಿ ಮೊದಲ ಚಿಕಿತ್ಸೆ ಸಿಗುವವರೆಗಿನ ಸರಾಸರಿ ಅವಧಿ 79.5 ವಾರ. ಅಂಥ ಷರತ್ತು ಇಲ್ಲದ ಕಡೆ 55.6 ವಾರ. ದೇಶಗಳ ಮಧ್ಯೆ ಬೇರೆ ವ್ಯತ್ಯಾಸಗಳೂ ಇರುತ್ತವೆ, ಎಲ್ಲವನ್ನೂ ಕಾನೂನಿನ ತಲೆಗೆ ಕಟ್ಟೋಕಾಗಲ್ಲ. ಆದರೆ ಸೈಕೋಸಿಸ್‌ಗೆ ಚಿಕಿತ್ಸೆ ತಡವಾದಷ್ಟೂ ಚೇತರಿಕೆ ಕಷ್ಟ ಅನ್ನೋದು ಗಟ್ಟಿ ಪುರಾವೆ ಇರುವ ಮಾತು. 'ಇನ್ನೂ ಯಾರಿಗೂ ಹೊಡೆದಿಲ್ಲವಲ್ಲ' ಅಂತ ಕಾಯುತ್ತಾ ಕೂತರೆ ಬೆಲೆ ತೆರೋದು ರೋಗಿಯೇ.

ನಮ್ಮ ಕಾಯ್ದೆಯಲ್ಲಿ 'ತನ್ನ ಆರೈಕೆ ತಾನು ಮಾಡಿಕೊಳ್ಳಲಾಗದ ಸ್ಥಿತಿ' ಅನ್ನೋ ಮೂರನೇ ಕಾರಣ ಇರೋದು ಇದಕ್ಕೇ. ಊಟ ಬಿಟ್ಟು ಕೋಣೆಯಲ್ಲಿ ಕೂತಿರೋರಿಗೆ ಚಿಕಿತ್ಸೆ ಸಿಗಲು ಅವರು ಹಿಂಸೆ ಮಾಡೋವರೆಗೆ ಕಾಯಬೇಕಿಲ್ಲ. ಇದು ತುಂಬಾ ಕುಟುಂಬಗಳಿಗೆ ಗೊತ್ತಿಲ್ಲ.

ಇನ್ನೊಂದು ಮಾತು. ನಮ್ಮಲ್ಲಿ ಕುಟುಂಬ ಅಂದರೆ ಬರೀ ಅರ್ಜಿದಾರರಲ್ಲ, ಚಿಕಿತ್ಸೆಯ ಭಾಗ. 1950ರ ದಶಕದಲ್ಲೇ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್, ಆವರಣದಲ್ಲಿ ಟೆಂಟ್ ಹಾಕಿಸಿ ಮನೆಯವರನ್ನು ರೋಗಿಯ ಜೊತೆ ಇರಿಸಿಕೊಂಡರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮನೆಯವರು ಜೊತೆಗಿರುವ ಪದ್ಧತಿ ದಶಕಗಳಿಂದ ಇದೆ. ಇಂಗ್ಲೆಂಡ್, ಅಮೆರಿಕದ ಅಂಕಿಅಂಶಗಳನ್ನು ಓದುವಾಗ ಈ ವ್ಯತ್ಯಾಸ ನೆನಪಿಟ್ಟುಕೊಳ್ಳಬೇಕು.

ಹುಷಾರಾಗಿದ್ದಾಗಲೇ ಬರೆದಿಡೋದು

ಹಾಗಾದರೆ ಯಾವುದು ಕೆಲಸ ಮಾಡುತ್ತೆ? 2016ರಲ್ಲಿ ಜಾಮಾ ಸೈಕಿಯಾಟ್ರಿ ಪತ್ರಿಕೆಯಲ್ಲಿ ಬಂದ ಒಂದು ವಿಶ್ಲೇಷಣೆ, ಬಲವಂತದ ದಾಖಲಾತಿ ಕಡಿಮೆ ಮಾಡೋಕೆ ಮಾಡಿದ ಬೇರೆ ಬೇರೆ ಪ್ರಯೋಗಗಳನ್ನು ಒಟ್ಟಿಗೆ ನೋಡಿತು. ಸಮುದಾಯ ಚಿಕಿತ್ಸಾ ಆದೇಶಗಳಿಂದ ಪ್ರಯೋಜನ ಕಾಣಲಿಲ್ಲ. ಆದರೆ ರೋಗಿ ಹುಷಾರಾಗಿದ್ದಾಗಲೇ 'ಮುಂದೆ ಕಾಯಿಲೆ ಹೆಚ್ಚಾದರೆ ನನ್ನನ್ನು ಹೀಗೆ ನೋಡಿಕೊಳ್ಳಿ' ಅಂತ ಬರೆದಿಟ್ಟಿದ್ದ ಕಡೆ, ಬಲವಂತದ ದಾಖಲಾತಿ ಶೇ 23ರಷ್ಟು ಕಡಿಮೆ ಇತ್ತು.

ಇದೇ ವಿಷಯ ನಮ್ಮ ಕಾಯ್ದೆಯ ಸೆಕ್ಷನ್ 5ರಲ್ಲಿದೆ. ಹೆಸರು 'ಮುಂಗಡ ನಿರ್ದೇಶನ'. 18 ತುಂಬಿದ ಯಾರು ಬೇಕಾದರೂ ಬರೆಯಬಹುದು, ಹಿಂದೆ ಕಾಯಿಲೆ ಇದ್ದಿರಲಿ, ಇಲ್ಲದಿರಲಿ. ಯಾವ ಚಿಕಿತ್ಸೆ ಸರಿ, ಯಾವುದು ಬೇಡ, ತನ್ನ ಪರವಾಗಿ ಯಾರು ಮಾತಾಡಬೇಕು ಅಂತ ಹೇಳಬಹುದು. ಸಾಮರ್ಥ್ಯ ಕಳೆದುಕೊಂಡಾಗ ಮಾತ್ರ ಅದು ಜಾರಿಗೆ ಬರುತ್ತೆ. ವೈದ್ಯರಿಗೋ ಮನೆಯವರಿಗೋ ಅದನ್ನು ಮೀರಬೇಕು ಅನ್ನಿಸಿದರೆ ಮಂಡಳಿಗೆ ಅರ್ಜಿ ಹಾಕಬೇಕು. ತುರ್ತು ಚಿಕಿತ್ಸೆಗೆ ಮಾತ್ರ ಅದು ಅನ್ವಯಿಸಲ್ಲ. ಪ್ರತಿನಿಧಿಯನ್ನು ಹೆಸರಿಸೋದು ಇನ್ನೂ ಸುಲಭ: ಬಿಳಿ ಹಾಳೆಯಲ್ಲಿ ಬರೆದು ಸಹಿ ಅಥವಾ ಹೆಬ್ಬೆಟ್ಟು ಹಾಕಿದರೆ ಸಾಕು ಅಂತ ಸೆಕ್ಷನ್ 14 ಹೇಳುತ್ತೆ. ಅವರು ಸಂಬಂಧಿಕರೇ ಆಗಬೇಕಿಲ್ಲ. ಹೊಡೆಯುವ ಗಂಡನ ಬದಲು ಗೆಳತಿಯ ಹೆಸರು ಬರೆಯಬಹುದು.

ನಿಮಗೆ ಗೊತ್ತಿರುವ ಎಷ್ಟು ಜನ ಇದನ್ನು ಬರೆದಿಟ್ಟಿದ್ದಾರೆ? ಎಷ್ಟು ಜಿಲ್ಲಾಸ್ಪತ್ರೆಗಳಲ್ಲಿ ಡಿಸ್ಚಾರ್ಜ್ ಮಾಡುವಾಗ ಇದನ್ನು ಬರೆಯೋಕೆ ಸಹಾಯ ಮಾಡ್ತಾರೆ? ಇಡೀ ಕಾಯ್ದೆಯಲ್ಲಿ ಪ್ರಯೋಗಗಳ ಬೆಂಬಲ ಇರುವ ಭಾಗ ಇದು. ಅತಿ ಕಡಿಮೆ ಬಳಕೆಯಲ್ಲಿರುವ ಭಾಗಗಳಲ್ಲೂ ಇದು ಒಂದು.

ಹೊರಬಾಗಿಲು

ಅಸ್ಸಾಂನಲ್ಲಿ 1951ರಲ್ಲಿ ಬಂಧನಕ್ಕೊಳಗಾದ ಒಬ್ಬ ವ್ಯಕ್ತಿ ಬಿಡುಗಡೆ ಆಗಿದ್ದು 2005ರಲ್ಲಿ. ವಿಚಾರಣೆಯೇ ನಡೆಯಲಿಲ್ಲ. ತೇಜಪುರದ ಮಾನಸಿಕ ಆಸ್ಪತ್ರೆ 1967ರಲ್ಲೇ ಅವರು ಸರಿಯಾಗಿದ್ದಾರೆ ಅಂತ ಹೇಳಿತ್ತು. ಕರೆದುಕೊಂಡು ಹೋಗೋಕೆ ಮನೆಯವರು ಯಾರೂ ಬರಲಿಲ್ಲ, ಹೋಗಿದ್ದು ಜೈಲಿಗೆ.

ಅದು ಹಳೆಯ ಕಥೆ ಅನ್ನೋ ಹಾಗಿಲ್ಲ. ಹೊಸ ಕಾಯ್ದೆ ಜಾರಿಗೆ ಬಂದಮೇಲೆ, 2019ರಲ್ಲಿ, ಹನ್ಸ್ ಫೌಂಡೇಷನ್ ಬೆಂಬಲದ ಒಂದು ರಾಷ್ಟ್ರೀಯ ವರದಿ ಬಂತು. ಸರ್ಕಾರಿ ಮಾನಸಿಕ ಆಸ್ಪತ್ರೆಗಳಲ್ಲಿ ಇರುವವರಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಜನ ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲದಿಂದ ಅಲ್ಲೇ ಇದ್ದಾರೆ ಅಂತ ಅದು ಕಂಡುಕೊಂಡಿತು. 2023ರ ಜನವರಿಯಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ದೇಶದ ಎಲ್ಲ 46 ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆಗಳ ಸ್ಥಿತಿ ಅಮಾನವೀಯವಾಗಿದೆ ಅಂತ ನೋಟಿಸ್ ಕೊಟ್ಟಿತು. ಗುಣವಾದವರನ್ನೂ ಕಾನೂನುಬಾಹಿರವಾಗಿ ಇಟ್ಟುಕೊಳ್ಳಲಾಗುತ್ತಿದೆ ಅನ್ನೋದು ಅದರ ಆಕ್ಷೇಪಗಳಲ್ಲಿ ಒಂದು.

ಯಾಕೆ ಇಟ್ಟುಕೊಂಡಿದ್ದಾರೆ? ಸೆಕ್ಷನ್ 89 ಬಿಗಿಯಿಲ್ಲ ಅಂತಲ್ಲ. ಹೋಗೋಕೆ ಜಾಗ ಇಲ್ಲ. ವಿಳಾಸ ತಪ್ಪು, ಮನೆಯವರು ಫೋನ್ ಎತ್ತಲ್ಲ, ಆಸ್ತಿ ಹಂಚಿಕೆ ಆಗಿಹೋಗಿದೆ. ಕಾಯ್ದೆ ಇದನ್ನೂ ಯೋಚಿಸಿದೆ. ಸಮುದಾಯದಲ್ಲಿ ಬದುಕುವ ಹಕ್ಕು ಸೆಕ್ಷನ್ 19ರಲ್ಲಿದೆ. ಆಸ್ಪತ್ರೆ ಬೇಕಿಲ್ಲದವರಿಗೆ ಹಾಫ್‌ವೇ ಹೋಮ್, ಗುಂಪು ಮನೆಗಳನ್ನು ಸರ್ಕಾರ 'ಸಮಂಜಸ ಅವಧಿಯೊಳಗೆ' ಒದಗಿಸಬೇಕು. ಸೆಕ್ಷನ್ 98ರ ಪ್ರಕಾರ ಬಿಡುಗಡೆಗೆ ಮೊದಲು ಮುಂದಿನ ಆರೈಕೆಯ ಯೋಜನೆ ಇರಲೇಬೇಕು. 'ಸಮಂಜಸ ಅವಧಿ' ಎಷ್ಟು ಅಂತ ಕಾಯ್ದೆ ಹೇಳಿಲ್ಲ. ಒಳಗೆ ಇಡಲು 30, 90, 120, 180 ಅಂತ ದಿನ ಎಣಿಸಿದವರು, ಹೊರಗೆ ಮನೆ ಕಟ್ಟಲು ಒಂದು ದಿನಾಂಕವನ್ನೂ ಹಾಕಲಿಲ್ಲ.

ಆರೋಗ್ಯದ ದೃಷ್ಟಿಯಿಂದಲೂ ಇದು ಜೀವದ ಪ್ರಶ್ನೆ. ಮನೋರೋಗಿಗಳಲ್ಲಿ ಆತ್ಮಹತ್ಯೆಯ ಅಪಾಯ ಅತಿ ಹೆಚ್ಚಿರುವುದು ಆಸ್ಪತ್ರೆಯಿಂದ ಬಿಡುಗಡೆಯಾದ ಮೊದಲ ಮೂರು ತಿಂಗಳಲ್ಲಿ ಅಂತ ಹಲವು ದೇಶಗಳ ಅಂಕಿಅಂಶಗಳನ್ನು ಒಟ್ಟುಗೂಡಿಸಿದ ಅಧ್ಯಯನ ತೋರಿಸಿದೆ. ಬಲವಂತದ ಕಾನೂನು ಮುಗಿಯೋದು ಗೇಟಿನ ಹತ್ತಿರ. ಅಪಾಯ ಶುರುವಾಗೋದೂ ಅಲ್ಲೇ.

ಹಾಗಾದರೆ ಏನು ಕೇಳಬೇಕು?

ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಕಾಯಿಲೆ ಯಾವುದು ಅನ್ನೋದರ ಮೇಲೆ ಶೇ 70ರಿಂದ 92ರಷ್ಟು ಜನರಿಗೆ ಚಿಕಿತ್ಸೆಯೇ ಸಿಗುತ್ತಿಲ್ಲ. ಬಲವಂತ ಅನಿವಾರ್ಯ ಆಗೋದು ಬಹಳ ಸಲ ಮೊದಲು ಸಿಗಬೇಕಾದ ಚಿಕಿತ್ಸೆ ಸಿಗದೇ ಇದ್ದಾಗ. ಕರ್ನಾಟಕದಲ್ಲಿ ಇದಕ್ಕೆ ಒಳ್ಳೆಯ ಪರಂಪರೆ ಇದೆ. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ಮಾಡಿದ ಪ್ರಯೋಗವೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ ಆಯಿತು. ಮಂಗಳವಾರ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಮನೋಚೈತನ್ಯ ಕಾರ್ಯಕ್ರಮ ಇದೆ. 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡಬಹುದು. ಮೇಲೆ ಹೇಳಿದಂಥ ರಾತ್ರಿಯಲ್ಲಿ ಮೊದಲು ಮಾಡಬೇಕಾದ ಕೆಲಸಗಳಲ್ಲಿ ಇದೂ ಒಂದು.

ನಿಮ್ಮ ಶಾಸಕರನ್ನೋ ಜಿಲ್ಲಾಧಿಕಾರಿಯನ್ನೋ ಕೇಳೋಕೆ, ಮಾಹಿತಿ ಹಕ್ಕಿನಡಿ ಅರ್ಜಿ ಹಾಕೋಕೆ ನಾಲ್ಕು ಪ್ರಶ್ನೆ ಕೊಡ್ತೀನಿ. ನಮ್ಮ ಜಿಲ್ಲೆಗೆ ಪರಿಶೀಲನಾ ಮಂಡಳಿ ಇದೆಯಾ, ಕಳೆದ ವರ್ಷ ಎಷ್ಟು ಸಲ ಸಭೆ ಸೇರಿತು? ಎಷ್ಟು ಬೆಂಬಲಿತ ದಾಖಲಾತಿಗಳು ಅದರ ಮುಂದೆ ಬಂದವು, ಎಷ್ಟರಲ್ಲಿ ರೋಗಿಯ ಮಾತು ಕೇಳಿದರು? ಎಷ್ಟು ಮುಂಗಡ ನಿರ್ದೇಶನಗಳು ನೋಂದಣಿ ಆಗಿವೆ? ಗುಣವಾಗಿಯೂ ಆಸ್ಪತ್ರೆಯಲ್ಲೇ ಉಳಿದವರು ಎಷ್ಟು, ಅವರಿಗೆ ಎಷ್ಟು ಹಾಫ್‌ವೇ ಹೋಮ್ ಹಾಸಿಗೆಗಳಿವೆ?

ಮೊದಲ ಎರಡು ಪ್ರಶ್ನೆಗಳ ಉತ್ತರದಲ್ಲಿ ಕಾನೂನು ಪಾಲನೆ ಆಗ್ತಿದೆಯಾ ಅನ್ನೋದು ಗೊತ್ತಾಗುತ್ತೆ. ಕೊನೆಯ ಎರಡರಲ್ಲಿ ಜನ ಗುಣವಾಗ್ತಾರಾ ಅನ್ನೋದು.